ಮಣ್ಣು ಮುಟ್ಟದ ಗೊರಸು

ಏಪ್ರಿಲ್‌ನ ಮುಂಜಾವು. ಹುಲ್ಲುಗಾವಲಿನ ಹಿಮ ಅರ್ಧ ಕರಗಿದೆ. ವರ್ನಾ ಡೆನಮಿ ಮಂಡಿಯೂರಿ ಸತ್ತ ಕರುವೊಂದರ ಗೊರಸು ತೊಳೆಯುತ್ತಿದ್ದಾರೆ. ಕುಡಿಯಲೆಂದು ಫ್ಲಾಸ್ಕಿನಲ್ಲಿ ತಂದ ಬಿಸಿನೀರು ಅದಕ್ಕೇ ಮುಗಿಯುತ್ತಿದೆ. ಕರುವಿನ ಹೊಟ್ಟೆಯ ಭಾಗವಿಲ್ಲ. ಸುತ್ತ ತೋಳದ ಹೆಜ್ಜೆಗಳಿವೆ. ತಿಂದದ್ದು ತೋಳವೇ. ಕೊಂದದ್ದೂ ತೋಳವೇ ಎಂಬುದು ಪ್ರಶ್ನೆ.

ಅದನ್ನು ಕೇಳುವವರು ಇಲ್ಲಿ ಅವರೊಬ್ಬರೇ; ನಾನು ಅವರ ಬಗ್ಗೆ ಬರೆಯಲು ಜೊತೆಗೆ ಬಂದವಳು. ಸರ್ಕಾರದ ಅಧಿಕಾರಿ ಟ್ರಕ್ಕಿನಿಂದ ಇಳಿದಿಲ್ಲ, ಎಂಜಿನ್ನನ್ನೂ ಆರಿಸಿಲ್ಲ. ಕಿಟಕಿಯಿಂದ ನೋಡಿ ನಮೂನೆಯಲ್ಲಿ ‘ತೋಳ’ ಎಂದು ಬರೆದು ಮುಗಿಸಿದ್ದಾರೆ. ಕೆಳಗೆ ದನದ ಮಾಲೀಕ ಆರ್ವಿಡ್ ಲಿಂಡಾಲ್ ಸಹಿ ಹಾಕಿದರೆ ಸಾಕು, ಈ ಹಿಂಡಿನ ಆರೂ ತೋಳಗಳನ್ನು ಕೊಲ್ಲಲು ಅನುಮತಿ ಸಿಗುತ್ತದೆ. ಗವಿಯಲ್ಲಿ ಅವುಗಳ ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ.

“ಆರ್ವಿಡ್, ಬಾ ಇಲ್ಲಿ. ಇದನ್ನ ಮುಟ್ಟು.”

“ನಂಗೆ ಕರು ಗೊತ್ತಿಲ್ವಾ? ನಲವತ್ತು ವರ್ಷದಿಂದ ಸಾಕ್ತಿದೀನಿ.”

“ಅದಕ್ಕೇ ನಿನ್ನ ಕರೆದಿದ್ದು. ಆ ಸಾಹೇಬ್ರನ್ನ ಕರೀಲಿಲ್ಲ, ಅವರ ಬೂಟು ಕೊಳೆ ಆಗುತ್ತೆ.”

ಗೊರಸಿನ ತುದಿಯಲ್ಲಿ ಬಿಳಿಯ, ರಬ್ಬರಿನಂಥ ಮೆತ್ತನೆಯ ಪದರವಿದೆ. ತಾಯಿಯ ಒಡಲನ್ನು ಗೀರದಿರಲೆಂದು ಹುಟ್ಟುವಾಗ ಎಲ್ಲ ಕರುಗಳಿಗೂ ಅದು ಇರುತ್ತದೆ. ಎದ್ದು ಓಡಾಡಿದರೆ ಸವೆಯುತ್ತದೆ. ಇದು ಸವೆದೇ ಇಲ್ಲ. ವರ್ನಾ ಚರ್ಮ ಮಗುಚಿ ಹಲ್ಲಿನ ಗುರುತುಗಳನ್ನೂ ತೋರಿಸುತ್ತಾರೆ. ಅಡಿಯಲ್ಲಿ ರಕ್ತ ಕಪ್ಪುಗಟ್ಟಿಲ್ಲ; ಕಚ್ಚುವಾಗ ಕರುವಿನಲ್ಲಿ ಜೀವವಿರಲಿಲ್ಲ.

“ಈ ಕೂಸು ಎದ್ದು ನಿಂತೇ ಇಲ್ಲ ಕಣೋ. ಸತ್ತೇ ಹುಟ್ಟಿದೆ. ಬಿದ್ದಿದ್ದನ್ನ ನಮ್ಮ ತೋಳಣ್ಣ ತಿಂದ. ಅವನಲ್ದಿದ್ರೆ ಕಾಗೆ ತಿಂತಿತ್ತು. ಕಾಗೆಗೂ ಗುಂಡು ಹೊಡೀತೀಯಾ?”

ವರ್ನಾಗೆ ಅರವತ್ತೊಂದು. ಮೂಲನಿವಾಸಿಗಳಾದ ನಮ್ಮ ಓಜಿಬ್ವೆ ಜನರ ಮೀಸಲು ನೆಲದ ಸುತ್ತ ಹತ್ತೊಂಬತ್ತು ವರ್ಷಗಳಿಂದ ತೋಳಗಳ ಜಾಡು ಹಿಡಿಯುವುದೇ ಅವರ ಕೆಲಸ. ಚಳಿಗಾಲದಲ್ಲಿ ಮರ ಸಾಗಿಸುವ ದಾರಿಗಳಲ್ಲಿ ದಿನಕ್ಕೆ ಅರವತ್ತು ಮೈಲಿ, ಗಂಟೆಗೆ ಎಂಟು ಮೈಲಿ ವೇಗದಲ್ಲಿ, ತಮ್ಮ ವಾಹನದ ಕಿಟಕಿಯಿಂದ ತಲೆ ಹೊರಹಾಕಿ ಹೆಜ್ಜೆ ಗುರುತು ಹುಡುಕುತ್ತಾರೆ. ನಾಲ್ಕು ಹಿಂಡುಗಳ ಒಂದೊಂದು ತೋಳದ ನಡಿಗೆಯೂ ಅವರಿಗೆ ಗೊತ್ತು. ಆದರೂ ಸರ್ಕಾರದ ನಮೂನೆಯಲ್ಲಿ ಅವರಿಗೊಂದು ಸಾಲಿಲ್ಲ. ಅವರು ಹೇಳಿದ್ದು ಹಾಳೆಯ ಹಿಂಬದಿಯ ‘ಇತರೆ’ ಎಂಬಲ್ಲಿಗೆ ಹೋಗುತ್ತದೆ. ಹಿಂಬದಿಯನ್ನು ಯಾರೂ ತಿರುಗಿಸುವುದಿಲ್ಲ.

“ಮೊದಲ ಮನುಷ್ಯನೂ ತೋಳನೂ ಜೊತೇಲಿ ನಡೆದು ಭೂಮಿಗೆಲ್ಲ ಹೆಸರಿಟ್ಟೋರು. ಒಬ್ಬನಿಗಾಗಿದ್ದು ಇನ್ನೊಬ್ಬನಿಗೂ ಆಗುತ್ತೆ ಅಂತ ಸೃಷ್ಟಿ ಮಾಡಿದೋನು ಅವತ್ತೇ ಹೇಳಿ ಕಳಿಸಿದ್ನಂತೆ. ಆಯ್ತಲ್ಲ! ಅವನ ಕಾಡು ಹೋಯ್ತು, ನಮ್ದೂ ಹೋಯ್ತು. ಅವನ ಮರಿಗಳನ್ನ ಗವಿಯಿಂದ ಎಳೆದ್ರು, ನಮ್ಮಮ್ಮನ್ನ ಮನೆಯಿಂದ ಎಳೆದು ಬಿಳಿಯರ ವಸತಿ ಶಾಲೆಗೆ ಹಾಕಿದ್ರು. ಇದು ಕಥೆ ಅಂತಾರೆ. ಕಥೆಯಂತೆ!”

ವರ್ನಾ ಹುರಿದ ಮೀನನ್ನು ರೊಟ್ಟಿಯಲ್ಲಿ ಸುತ್ತಿ ನನ್ನ ಕೈಗೆ ತುರುಕುತ್ತಾರೆ. “ಬರೀತಾ ಕೂರಬೇಡ ಹುಡುಗಿ, ತಿನ್ನು. ತೋಳ ಕೂಡ ನಿನ್ನ ನೋಡಿ ಅಯ್ಯೋ ಅನ್ನುತ್ತೆ.”

ಮೂರು ವರ್ಷದ ಹಿಂದಿನ ಸಂಗತಿಯನ್ನು ಅವರು ತಾವಾಗಿ ಹೇಳುವುದಿಲ್ಲ. ಅಂದೂ ಪಕ್ಕದ ಜಮೀನಿನಲ್ಲಿ ಹೀಗೇ ಒಂದು ಕರು ಸತ್ತಿತ್ತು. ವರ್ನಾ ಬೆಳಗಾಗುವ ಮೊದಲೇ ತಲುಪಿದ್ದರು. ಗೇಟು ಹಾಕಿತ್ತು. ಕರೆಯದೆ ಇನ್ನೊಬ್ಬರ ನೆಲಕ್ಕೆ ಕಾಲಿಡಬಾರದು ಎಂದು ಅಜ್ಜಿ ಕಲಿಸಿದ್ದಳು. ಸತ್ತ ಜೀವಕ್ಕೆ ಕಾಣಿಕೆಯಾಗಿ ಇಡುವ ಚಿಟಿಕೆ ಹೊಗೆಸೊಪ್ಪನ್ನು ಅಂಗೈಯಲ್ಲಿ ಹಿಡಿದು ಎರಡು ತಾಸು ಗೇಟಿನ ಬಳಿ ನಿಂತರು. ಅಷ್ಟರಲ್ಲಿ ಹಿಂದಿನ ದಾರಿಯಿಂದ ಕರುವನ್ನು ಸಾಗಿಸಿಯಾಗಿತ್ತು. ನೋಡಲು ಗೊರಸೂ ಉಳಿಯಲಿಲ್ಲ. ಅನುಮತಿ ಸಿಕ್ಕಿ ಐದು ತೋಳಗಳನ್ನು ಕೊಂದರು. ಒಂದರ ಮೊಲೆಯಲ್ಲಿ ಹಾಲಿತ್ತು. ಆರು ದಿನ ಹುಡುಕಿದ ಮೇಲೆ ಗವಿ ಸಿಕ್ಕಿತು. ತಣ್ಣಗಾಗಿದ್ದ ನಾಲ್ಕು ಮರಿಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿದರು, ನಮ್ಮವರನ್ನು ಮಾಡುವಂತೆಯೇ.

ಬೇಲಿ ಬರುವ ಮೊದಲು ನಮ್ಮ ಹಿರಿಯರು ಬೇಟೆಯ ಜಾಡು ಹಿಡಿದು ನಡೆದ ನೆಲ ಅದು. ಅದರ ಗೇಟಿನಲ್ಲಿ ನಮ್ಮ ಹೆಂಗಸು ಮರ್ಯಾದೆಯಿಂದ ಅಪ್ಪಣೆಗೆ ಕಾದಳು. ಮರ್ಯಾದೆ ಇದ್ದದ್ದು ಗೇಟಿನ ಒಂದೇ ಬದಿಯಲ್ಲಿ.

ಇಂದು ವರ್ನಾ ಬೇಲಿ ಹಾರಿ ಬಂದಿದ್ದಾರೆ. ಪ್ಯಾಂಟಿನ ಮಂಡಿ ಹರಿದಿದೆ.

ಆರ್ವಿಡ್ ಗೊರಸನ್ನು ಹೆಬ್ಬೆರಳಿಂದ ಒತ್ತುತ್ತಾನೆ. ಮತ್ತೆ ಒತ್ತುತ್ತಾನೆ.

“ಬರೆದಾಗಿದೆ ಮೇಡಂ,” ಎನ್ನುತ್ತಾರೆ ಅಧಿಕಾರಿ ಕಿಟಕಿಯಿಂದ. “ನಿಮಗೆ ಅಧಿಕಾರ ಇಲ್ಲ.”

“ಬರೆದಿದ್ದನ್ನ ಹೊಡೆದು ಹಾಕೋಕೂ ಅದೇ ಪೆನ್ನು ಸಾಕು.”

“ಅವಳಿಗಿಲ್ದಿದ್ರೆ ನಂಗಿದೆ,” ಎಂದು ಆರ್ವಿಡ್ ಏಳುತ್ತಾನೆ. “ಸಹಿ ಹಾಕಲ್ಲ. ನೀನು ಹಲ್ಲು ಕಿರೀಬೇಡ ವರ್ನಾ. ನಿಜವಾಗ್ಲೂ ಕೊಂದ ದಿನ ಹಾಕ್ತೀನಿ.”

“ಆ ದಿನ ಮೊದಲು ನಂಗೆ ಫೋನ್ ಮಾಡು.”

ಟ್ರಕ್ಕು ಹೊರಟುಹೋಗುತ್ತದೆ. ‘ತೋಳ’ ಎಂಬ ಪದವನ್ನು ಯಾರೂ ಹೊಡೆದು ಹಾಕಿಲ್ಲ. ವರ್ಷದ ಕೊನೆಗೆ ತೋಳಗಳು ಕೊಂದ ದನಗಳ ಪಟ್ಟಿಯಲ್ಲಿ, ಎದ್ದೇ ನಿಲ್ಲದ ಈ ಕರುವೂ ಇರುತ್ತದೆ.

ವರ್ನಾ ಹೊಗೆಸೊಪ್ಪನ್ನು ಕರುವಿನ ಪಕ್ಕ ಇಟ್ಟು, ಕಾಡಿನ ಕಡೆ ಒಮ್ಮೆ ನೋಡಿ, ಮಂಡಿ ಹಿಡಿದು ಏಳುತ್ತಾರೆ. ಏನು ಬೇಕು ನಿಮಗೆ ಎಂದು ಕೇಳುತ್ತೇನೆ.

“ಗೇಟಿಗೆ ಬೀಗ ಹಾಕದಿದ್ರೆ ಸಾಕು. ಬೇಲಿ ಹಾರೋ ವಯಸ್ಸಾ ಇದು?” ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ: “ಹಾರಲ್ಲ ಅಂತ ಬರೀಬೇಡ ಮತ್ತೆ. ಹಾರ್ತೀನಿ.”