ಮಾಮನ ಕೈಗೆ ಸಿಕ್ಕ ನನ್ನ ಕಾರು

ಮೊಮ್ಮಗಳ ಆಟದ ಕಾರಿನ ಮೋಟಾರು ಬಿಸಿಯಾದ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತೆ.

ನಾನು ಚಿಕ್ಕವಳಿದ್ದಾಗ ತುಡಿಯಲೂರಿನ ನಮ್ಮ ಮನೆಗೆ ಪೊಂಗಲ್ ರಜೆಗೆ ಅಮ್ಮನ ತಮ್ಮ, ತಿರುಪ್ಪೂರಿನ ಮಾಮ ಬಂದಿದ್ದ. ಅಪ್ಪ ಪಂಪು ಕಂಪನಿಯಲ್ಲಿ ಮೋಟಾರಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತೋ ಕೆಲಸದವ. ಅಪ್ಪ ನನಗೆ ಅಂತಲೇ ತಂದಿದ್ದ ಕಾರ್ ಟ್ರ್ಯಾಕನ್ನು ನಡುಮನೆಯಲ್ಲಿ ಜೋಡಿಸಿದ. ಕೈಯಲ್ಲಿ ಹಿಡಿದ ಸ್ವಿಚ್ಚು ಒತ್ತಿದಷ್ಟೂ ಕಾರು ಟ್ರ್ಯಾಕಿನ ಗೀರು ಹಿಡಿದು ಜೋರಾಗಿ ಓಡುತ್ತೆ. "ನೆಂಟರು ಮೊದಲು, ಕಣ್ಣು" ಅಂತ ನನ್ನನ್ನು ಮುದ್ದಿಸಿ ಸ್ವಿಚ್ಚನ್ನು ಮಾಮನ ಕೈಗೆ ಕೊಟ್ಟ.

ಮಾಮ ಬಿಡಲೇ ಇಲ್ಲ. ಕಾರು ಹಾರಿ ಬೀಳೋದು, ನಾನು ಎತ್ತಿ ಇಡೋದು.

"ತಿರುವಿನಲ್ಲಿ ಕೈ ಸಡಿಲ ಮಾಡು ಮಾಮ!"

"ಲಾರಿ ಓಡಿಸೋನಿಗೆ ನೀನು ಹೇಳಿಕೊಡ್ತೀಯಾ?"

ಸಾಯಂಕಾಲಕ್ಕೆ ಮೋಟಾರು ಸುಟ್ಟಿತು. ಅಪ್ಪ ಬಾವಿ ಪಂಪಿಗೆ ಸುತ್ತೋ ಹಂಗೆ ಹೊಸ ಕಾಯಿಲ್ ಸುತ್ತಿದ. ಸುತ್ತಿ ಯಾರಿಗೆ ಕೊಟ್ಟ? "ಓಡಿಸಿ ನೋಡು ಮಚ್ಚಾ" ಅಂತ ಮತ್ತೆ ಮಾಮನಿಗೇ! ಕಾರು ಒಂದೇ ಏಟಿಗೆ ಹಾರಿ ಒರಳುಕಲ್ಲಿಗೆ ಬಡಿದು ಚೂರಾಯ್ತು. ನಾನು ಸ್ವಿಚ್ಚು ಮುಟ್ಟೇ ಇರಲಿಲ್ಲ. "ನೆಂಟರ ಮುಂದೆ ಅಳಬಾರದು" ಅಂತ ಅಮ್ಮ ನನಗೇ ಗದರಿದಳು.

ಅದಕ್ಕೇ ಇವತ್ತು ಮನೆಗೆ ಬಂದ ನೆಂಟರ ಮಕ್ಕಳಿಗೆ ಮುಖಕ್ಕೇ ಹೇಳಿದೆ, ನಮ್ಮ ಮನೆ ಮಗು ಮೊದಲು ಅಂತ.

ಮೊಮ್ಮಗಳು ಕೈ ಚಾಚಿಕೊಂಡು ನಿಂತಿದ್ದಾಳೆ: "ಹಂಗಾದ್ರೆ ಕೊಡು ಅಜ್ಜಿ, ಬೆಳಗ್ಗೆಯಿಂದ ನೀನೇ ಸ್ವಿಚ್ಚು ಒತ್ತುತಾ ಇದ್ದೀಯ!"