ಕ್ಯಾಸೆಟ್ಟಿನ ಕಡಲು

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಬುಟ್ಟಿ ಹೊರುವುದು ಬರುತ್ತದೆ. ಬಂಗುಡೆಯ ಕಿವಿರು ಎತ್ತಿ ನೋಡಿ ಅದು ಇವತ್ತಿನದೋ ನಿನ್ನೆಯದೋ ಹೇಳುವುದು ಬರುತ್ತದೆ. ಚೌಕಾಸಿ ಮಾಡುವ ಗಿರಾಕಿಯನ್ನು ಬೈದು ಕಳಿಸಿ, ಅವಳೇ ಇಡೀ ಮಾರ್ಕೆಟ್ ಸುತ್ತಿ ನನ್ನ ಹತ್ತಿರವೇ ತಿರುಗಿ ಬರುವ ಹಾಗೆ ಮಾಡುವುದೂ ಬರುತ್ತದೆ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಏನನ್ನೂ ಯೋಚಿಸದೆ ಕೂರುವುದು ಮಾತ್ರ ಬರಲಿಲ್ಲ. ಬಿಪಿ ಎನ್ನುವುದೊಂದು ಬಂದ ಮೇಲೆ ಊರಿಡೀ ನನಗೆ ಅದನ್ನೇ ಕಲಿಸಲು ನಿಂತಿತು. ನನಗೆ ಸುಸ್ತಾದದ್ದು ಬಿಪಿಯಿಂದಲ್ಲ, ಈ ಕಲಿಸುವವರಿಂದ.

ಕುಂದಾಪುರದ ಡಾಕ್ಟರು ಸಣ್ಣ ಪ್ರಾಯದವರು. ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಉಂಡೆಯನ್ನು ಫುಸು ಫುಸು ಒತ್ತಿ, ಪಾದರಸವನ್ನು ನೋಡಿ ಹುಬ್ಬು ಏರಿಸಿದರು. "ಅಮ್ಮಾ, ನಿಮಗೆ ಟೆನ್ಶನ್ ಜಾಸ್ತಿ ಉಂಟಾ?"

"ಟೆನ್ಶನ್ ಎಲ್ಲ ಎಂತ ಇಲ್ಲೆ ಡಾಕ್ಟ್ರೆ. ಮಂಡೆಬಿಸಿ ಇತ್ತ್."

"ಅದೇ ಅಮ್ಮ, ಟೆನ್ಶನ್ ಅಂದ್ರೆ."

ನಾನು ಒಪ್ಪಲಿಲ್ಲ. ಮಂಡೆಬಿಸಿ ಕಾಯಿಲೆಯಲ್ಲ. ಅದು ಹವೆ ಇದ್ದ ಹಾಗೆ. ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ನನ್ನ ಅತ್ತೆಗೆ ಇತ್ತು, ಅವಳ ಅತ್ತೆಗೂ ಇತ್ತು. ತಲೆಗೆ ಒಂದು ಹಿಡಿ ತೆಂಗಿನೆಣ್ಣೆ ತಟ್ಟಿ, ನಾಲ್ಕು ಜನರಿಗೆ ಕೇಳುವ ಹಾಗೆ ಬೈದು, ಮತ್ತೆ ಬುಟ್ಟಿ ಎತ್ತುತ್ತಿದ್ದರು. ಮೀನಿಗೆ ಬಿಸಿ ತಾಗಬಾರದೆಂದು ಐಸು ಹಾಕುತ್ತೇವೆ. ಮಂಡೆಗೆ ಐಸು ಹಾಕಿದವರನ್ನು ನಾನು ನೋಡಿಲ್ಲ.

ಡಾಕ್ಟರು ಮಾತ್ರೆ ಬರೆದರು. ಅದಕ್ಕೆ ನನ್ನ ತಕರಾರಿಲ್ಲ, ಇವತ್ತಿಗೂ ತಿನ್ನುತ್ತೇನೆ. ಉಪ್ಪು ಕಡಿಮೆ ಮಾಡಿ ಎಂದರು. ಆಗಲಿ ಎಂದೆ. ಕೊನೆಗೆ ಹೇಳಿದ್ದು ಕೇಳಿ: "ಬಿಪಿ ಇಳಿಯುವ ತನಕ ಮಾರ್ಕೆಟ್‌ಗೆ ಹೋಗಬೇಡಿ. ಮನೆಯಲ್ಲೇ ಆರಾಮಾಗಿರಿ."

ಅಲ್ಲಿಗೆ ನನ್ನ ಆರಾಮು ಮುಗಿಯಿತು.

ಕೋಟೇಶ್ವರದ ಮೀನು ಮಾರ್ಕೆಟ್ಟಿನಲ್ಲಿ ನನಗೊಂದು ಜಾಗವಿದೆ. ಕಂಬದ ಬುಡದಲ್ಲಿ. ಬೆನ್ನು ಕೊಡಲು ಕಂಬ, ಮೇಲೆ ಸೋರದ ಶೀಟು, ಎದುರಿಗೆ ಬಸ್ಸಿನಿಂದ ಇಳಿದವರು ಮೊದಲು ಕಾಣುವ ಜಾಗ. ಅತ್ತೆ ಕೂತದ್ದೂ ಅಲ್ಲೇ. ಅದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ದಿನಾ ಬಂದು ಕೂತರೆ ನಿನ್ನದು, ಕೂರದಿದ್ದರೆ ಕೂತವರದು, ಅಷ್ಟೇ ಕಾನೂನು. ಹೆರಿಗೆಗೆ ಹೋದವಳು ಬರುವಷ್ಟರಲ್ಲಿ ಜಾಗ ಹೋದದ್ದನ್ನು ನೋಡಿದ್ದೇನೆ. ಸಣ್ಣ ಪ್ರಾಯದವಳು ಇನ್ನೊಂದು ಮೂಲೆಯಲ್ಲಿ ಕೂತು ಬದುಕಿಕೊಂಡಾಳು. ಈ ವಯಸ್ಸಿನಲ್ಲಿ ನನ್ನ ಜಾಗ ಹೋದರೆ ಚರಂಡಿಯ ಬದಿ, ಬಿಸಿಲಿಗೆ. ಅಲ್ಲಿಂದ ಮನೆಗೆ. ಮನೆಯಲ್ಲಿ ಒಂದು ಸಲ ಕೂತ ಮುದುಕಿಯನ್ನು ಯಾರೂ ಎಬ್ಬಿಸುವುದಿಲ್ಲ.

ಡಾಕ್ಟರ ಹತ್ತಿರ ಹೋಗಿಬಂದ ಸುದ್ದಿ ನನಗಿಂತ ಮೊದಲು ಬೀಜಾಡಿ ಮುಟ್ಟಿತ್ತು. ಸಂಜೆಗೆ ಗಿರಿಜೆ ಬಂದಳು. ನೆರೆಮನೆಯವಳು, ಅದೇ ಮಾರ್ಕೆಟ್ಟಿನವಳು. ಚರಂಡಿಯ ಬದಿಯ ಜಾಗ ಅವಳದೇ. ಅವಳ ಗಂಡನೂ ನನ್ನ ಮಗನೂ ಗಂಗೊಳ್ಳಿಯ ಒಂದೇ ಬೋಟಿನಲ್ಲಿ ಕಡಲಿಗೆ ಹೋಗುವವರು.

"ಅಕ್ಕಾ, ನಿಮ್ ಜಾಗ ಖಾಲಿ ಬಿಟ್ರೆ ಆ ಉಪ್ಪುಂದ ಬದಿಯವ್ರ್ ಬಂದ್ ಕೂಕಂತ್ರ್. ನಾ ಕೂಕಂಡಿರ್ತೆ. ನೀವ್ ಹುಷಾರಾಯ್ ಬಂದ್ರೆ ಎದ್ದ್ ಕೊಡ್ತೆ."

"ಏಳ್ದಿರೆ?"

"ಎಂತ ಅಕ್ಕಾ ಹೀಂಗ್ ಹೇಳ್ತ್ರಿ!" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಹೀಗೆ ಶುರುವಾಯಿತು ನನ್ನ ವಿಶ್ರಾಂತಿ. ಚಾಪೆಯಲ್ಲಿ ಮಲಗಿದರೆ ಸೂರಿನಲ್ಲಿ ಗಿರಿಜೆ ಕಾಣುತ್ತಾಳೆ, ನನ್ನ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ. ಮಗ್ಗುಲು ಬದಲಿಸಿದರೆ ಗೋಡೆಯಲ್ಲೂ ಅವಳೇ. ಮಾರ್ಕೆಟ್ಟಿನಲ್ಲಿದ್ದರೆ ಜಾಗದ ಚಿಂತೆ ಇರುತ್ತಿರಲಿಲ್ಲ. ಚಿಂತೆ ಮಾಡಬೇಡಿ ಎಂದು ಮನೆಯಲ್ಲಿ ಕೂರಿಸಿದ್ದರಿಂದ ಬಂದ ಚಿಂತೆ ಇದು. ಇದನ್ನು ಯಾವ ಡಾಕ್ಟರಿಗೆ ಹೇಳುವುದು?

ಸೊಸೆ ಸುಜಾತ ಒಳ್ಳೆಯವಳು. ಬೆಳಿಗ್ಗೆ ಟಿವಿಯಲ್ಲಿ ಬರುವ ಒಬ್ಬ ಗಡ್ಡದವರ ಮಾತು ಕೇಳುತ್ತಾಳೆ, ಅದೊಂದೇ ದೋಷ. ಮಾರನೆಯ ದಿನವೇ ಬಂಗುಡೆ ಸಾರು ಬಾಯಿಗಿಟ್ಟರೆ ಸಪ್ಪೆ.

"ಸುಜಾತಾ, ಉಪ್ಪು ಹಾಕುಕೆ ಮರ್ತ್ಯಾ?"

"ಮರೀಲಿಲ್ಲೆ ಅತ್ತೆ. ಬೇಕಂದೇ ಹಾಕ್ಲಿಲ್ಲೆ."

"ಡಾಕ್ಟ್ರ್ ಕಮ್ಮಿ ಮಾಡಿ ಅಂದದ್ದ್. ನೀ ಪೂರಾ ಬಂದ್ ಮಾಡ್ದ್ಯಾ? ಉಪ್ಪ್ ನೀರಲ್ ಬೆಳ್ದ್ ಮೀನಿಗೇ ಉಪ್ಪಿಲ್ದಿರ್ ಹ್ಯಾಂಗ್ ಮಾರಾಯ್ತಿ?"

"ಎಲ್ಲ ನೈಸರ್ಗಿಕವಾಗಿ ಇರ್ಕ್ ಅಂಬ್ರ್ ಅತ್ತೆ, ಟಿವಿಯಗ್."

ನೈಸರ್ಗಿಕ! ಆ ಶಬ್ದ ಅವತ್ತಿನಿಂದ ನಮ್ಮ ಮನೆ ಹೊಕ್ಕಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೂದುಕುಂಬಳದ ನೀರು. ಅದಾದ ಮೇಲೆ ಹಸಿ ಬೆಳ್ಳುಳ್ಳಿ. ಒಂದೆಲಗದ ಚಟ್ನಿ, ಅದೂ ಉಪ್ಪಿಲ್ಲದ್ದು. ಕಂಡ ಕಂಡವರು ಬೇಲಿಯ ಮೇಲಿನಿಂದ ಒಂದೊಂದು ಸೊಪ್ಪು ಕೊಟ್ಟು ಹೋಗುವರು. ನುಗ್ಗೆಸೊಪ್ಪು ತಿಂದು ಹೊಟ್ಟೆ ಎಷ್ಟು ಸ್ವಚ್ಛವಾಯಿತೆಂದರೆ ಇಡೀ ದಿನ ಹಿತ್ತಲಿಗೆ ಓಡಾಡಿದೆ. ನಡಿಗೆ ಒಳ್ಳೆಯದು ಎಂದು ಅದಕ್ಕೂ ಒಬ್ಬರು ಹೇಳಿದರು. ಕೊಟ್ಟವರೆಲ್ಲ ಹೇಳುವುದು ಒಂದೇ, "ಎಂತ ಆಪ್ದಿಲ್ಲೆ, ಪ್ರಕೃತಿದಲ್ದಾ." ತೊರಕೆ ಮೀನಿನ ಬಾಲದ ವಿಷದ ಮುಳ್ಳೂ ಪ್ರಕೃತಿಯದೇ. ಒಮ್ಮೆ ಕಾಲಿಗೆ ಚುಚ್ಚಿಸಿಕೊಂಡು ನೋಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಭಜನಾ ಮಂದಿರದ ಹಾಲಿನಲ್ಲಿ ಹೆಂಗಸರಿಗೆ ಮನಶ್ಶಾಂತಿಯ ಶಿಬಿರ ಇಟ್ಟರು. ಕಲಿಸಲು ಸಾಲಿಗ್ರಾಮದಿಂದ ವಿದ್ಯಾ ಟೀಚರ್ ಬಂದರು. ಮೆತ್ತಗಿನ ಹೆಣ್ಣುಮಗಳು. ನಮ್ಮ ಮೈಯ ಮೀನಿನ ವಾಸನೆಗೆ ಮೂಗು ಮುಚ್ಚಲಿಲ್ಲ, ಅಲ್ಲೇ ಅವರಿಗೆ ನನ್ನ ಮರ್ಯಾದೆ ಸಿಕ್ಕಿತು. ಸುಜಾತ ನನ್ನನ್ನು ಕೈ ಹಿಡಿದು ಕರೆದೊಯ್ದಳು. ಗಿರಿಜೆಯೂ ಬಂದಿದ್ದಳು. ಶಿಬಿರ ಮುಗಿಸಿ ಮಾರ್ಕೆಟ್ಟಿಗೆ ಹೋಗುತ್ತೇನೆ ಎಂದಳು. ಮಾರ್ಕೆಟ್ಟಿಗೆ ಎಂದರೆ ನನ್ನ ಜಾಗಕ್ಕೆ. ಅವಳ ಪಕ್ಕದಲ್ಲೇ ಚಾಪೆ ಹಾಸಿ ಮನಶ್ಶಾಂತಿಗೆ ಕೂತೆ.

ಮೂಗಿನ ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುವುದು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಿದ್ದೆ ಬಂದ ಹಾಗಾಯಿತು. ಆಮೇಲೆ ಟೀಚರ್, "ಈಗ ಎಲ್ಲರೂ ಶವಾಸನ ಮಾಡುವ. ಅಂದ್ರೆ ಹೆಣದ ಹಾಗೆ ಅಲುಗಾಡದೆ ಮಲಗುವುದು" ಎಂದರು.

ಒಬ್ಬಳೂ ಮಲಗಲಿಲ್ಲ.

"ಹ್ವಾಯ್ ಟೀಚರ್," ಎಂದಳು ಗಿರಿಜೆ, "ಗಂಡಸ್ರ್ ಕಡಲಿಗ್ ಹೋಯಿದ್ರ್. ಈಗ್ಳ್ ಆ ಹೆಸ್ರ್ ತೆಗುಕಾಗ."

"ಅಯ್ಯೋ, ಅದು ಬರೀ ಹೆಸರು ಅಲ್ವಾ?"

"ಆ ಹೆಸ್ರೇ ಬ್ಯಾಡ ಅಂಬ್ದ್."

ಟೀಚರ್ ಮುಖ ಸಣ್ಣದಾಯಿತು. ನನಗೆ ಪಾಪ ಎನಿಸಿತು. "ಬಾಣಂತಿ ಹಾಂಗ್ ಮನಿಕಣಿ ಅನ್ನಿ ಟೀಚರ್, ಎಲ್ರೂ ಮನಿಕಂತ್ರ್" ಎಂದೆ. ಹೆಂಗಸರು ಬಿದ್ದು ಬಿದ್ದು ನಕ್ಕು, ಬಾಣಂತಿಯರ ಹಾಗೆ ಸಾಲಾಗಿ ಮಲಗಿದರು. ಒಬ್ಬಳು ಮಲಗಿದಲ್ಲಿಂದಲೇ ಕಷಾಯ ಕೇಳಿದಳು.

ಟೀಚರ್ ಟೇಪ್ ರೆಕಾರ್ಡರಿಗೆ ಒಂದು ಕ್ಯಾಸೆಟ್ ಹಾಕಿದರು. ದನಿ ಇಳಿಸಿ ಹೇಳಿದರು, "ಕಣ್ಣು ಮುಚ್ಚಿ. ನೀವೀಗ ಕಡಲ ತೀರದಲ್ಲಿದ್ದೀರಿ. ಅಲೆಗಳ ಸದ್ದು ಕೇಳಿ. ನಿಮ್ಮ ಚಿಂತೆಯೆಲ್ಲ ಅಲೆಯ ಜೊತೆ ದೂರ, ದೂರ ಹೋಗ್ತಾ ಇದೆ..."

ಧೋ ಎಂದು ಕಡಲು ಶುರುವಾಯಿತು.

ಪೇಟೆಯವರಿಗೆ ಆ ಸದ್ದು ಜೋಗುಳ ಇರಬಹುದು. ನಮಗೆ ಹಾಗಲ್ಲ. ನಮ್ಮ ಮನೆಗಳಲ್ಲಿ ಕಡಲಿನ ಸದ್ದು ದಿನವಿಡೀ ಇರುತ್ತದೆ. ಒಂದೇ ಹದದಲ್ಲಿದ್ದರೆ ಕಿವಿಗೇ ಬೀಳುವುದಿಲ್ಲ. ಹದ ತಪ್ಪಿದರೆ ಮಾತ್ರ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ. ಕಡಲು ಕೇಳಿಸುತ್ತಿದೆ ಎಂದರೆ ಬೋಟಿಗೆ ಹೋದವರ ಲೆಕ್ಕ ಹಾಕು ಎಂದು ಅರ್ಥ. ಪ್ರಕೃತಿ ಎಂದರೆ ಸಮಾಧಾನ ಎನ್ನುವವರು ಅದರಿಂದ ಸ್ವಲ್ಪ ದೂರದಲ್ಲಿ ಮನೆ ಕಟ್ಟಿಕೊಂಡವರು.

ಬಾಗಿಲ ಹತ್ತಿರ ಮಲಗಿದ್ದವಳು ಕಣ್ಣು ತೆರೆದಳು. "ಇದ್ ಎಲ್ಲಿ ಕಡ್ಲ್ ಮಾರಾಯ್ತಿ? ದಡಕ್ಕ್ ಹೊಡೂದ್ ಕೇಣ್."

"ತೆಂಕಣ ಗಾಳಿ ಬಂದ್ರೆ ಹೀಂಗೇ."

"ಕ್ಯಾಸೆಟ್ ಅಲ್ದನಾ ಅದ್?"

"ಕ್ಯಾಸೆಟ್ಟೊಳ್ಗೂ ಗಾಳಿ ಗಾಳಿಯೇ!"

ಗಿರಿಜೆ ಎದ್ದು ಕೂತಳು. ಸೆರಗು ಸರಿಮಾಡಿಕೊಂಡಳು. ಹೊರಗೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ನಾಲ್ಕು ಜನ. ಬುದ್ಧಿಗೆ ಗೊತ್ತು, ಅದು ಡಬ್ಬಿಯ ಕಡಲು. ಕಾಲಿಗೆ ಗೊತ್ತಿಲ್ಲ. ನನ್ನ ಕಾಲೂ ಎದ್ದಿತು. ಮಂದಿರದಲ್ಲಿ ಖಾಲಿ ಚಾಪೆಗಳ ನಡುವೆ ಟೀಚರ್ ಒಬ್ಬರೇ ಉಳಿದರು. ಕ್ಯಾಸೆಟ್ ಯಾರ ಚಿಂತೆಯನ್ನೋ ದೂರ ದೂರ ಒಯ್ಯುತ್ತಲೇ ಇತ್ತು.

ಹೊರಗೆ ನಮ್ಮ ಕಡಲು ಹಾಲು ಚೆಲ್ಲಿದ ಹಾಗೆ ಸಪಾಟು. ಒಂದು ನೊರೆಯಿಲ್ಲ. ದೂರದಲ್ಲಿ ಬೋಟುಗಳು ಹೋದಲ್ಲೇ ಇದ್ದವು. ಸಾಲಾಗಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಶಿಬಿರದ ಶುರುವಿಗೆ ಟೀಚರ್ ವ್ಯಾಯಾಮವೆಂದು ಹೇಳಿಕೊಟ್ಟ ಹಹ್ಹಹ್ಹ ನಗುವಲ್ಲ, ಹೊಟ್ಟೆ ಹಿಡಿದುಕೊಳ್ಳುವ ನಗು.

ಗಿರಿಜೆ ನಗಲಿಲ್ಲ. ಮರಳಲ್ಲಿ ಕುಕ್ಕರಿಸಿ ತಲೆ ಹಿಡಿದುಕೊಂಡಿದ್ದಳು. ಹತ್ತಿರ ಹೋದೆ. ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು.

"ಎಂತ ಆಯ್ತ್ ಹೆಣ್ಣೆ?"

"ಮಂಡೆ ತಿರುಗ್ತಿತ್ ಅಕ್ಕಾ. ಇವತ್ತಲ್ಲ, ಸುಮಾರ್ ದಿನ ಆಯ್ತ್."

"ಹೇಳುಕೆ ಎಂತ ಆಯಿತ್ತ್?"

"ಹೇಳಿರ್ ನಂಗೂ ಮನೇಲ್ ಕೂಕೋ ಅಂಬ್ರಲೆ." ಮೂಗು ಒರೆಸಿಕೊಂಡಳು. "ನಿಮ್ ಜಾಗ್ದಲ್ ಕೂಕಂಡ್ ಸಾಕಾಯ್ತ್ ನಂಗೆ. ಬಂದವ್ರೆಲ್ಲ ಕೇಂಬ್ದ್ ಒಂದೇ, ಆ ಹೆಂಗ್ಸ್ ಎಲ್ಲಿ, ಆ ಹೆಂಗ್ಸ್ ಎಲ್ಲಿ ಅಂದ್. ನನ್ ಮೀನ್ ಕಾಂಬ್ದೇ ಇಲ್ಲೆ. ನಿಮ್ ಬೈಗುಳ ಇಲ್ದಿರ್ ಅವ್ರಿಗ್ ಮೀನ್ ತಾಜಾ ಅಂದ್ ನಂಬ್ಕಿಯೇ ಬತ್ತಿಲ್ಲೆ ಕಾಣಿ."

ಇಷ್ಟು ದಿನ ಸೂರಿನಲ್ಲಿ ನೋಡಿದ ಗಿರಿಜೆ ಕಾಲು ಚಾಚಿ ಕೂತಿದ್ದಳು. ಇವಳು ಬೇರೆಯೇ. ನನಗೆ ನನ್ನ ಮೇಲೇ ಸಿಟ್ಟು ಬಂತು. ಸಿಟ್ಟಿಗೆ ಬಿಪಿ ಏರಿ ತಿಂದ ಬೆಳ್ಳುಳ್ಳಿ ದಂಡವಾಯಿತಲ್ಲ ಎಂದು ಇನ್ನಷ್ಟು ಬಂತು.

ಮಾರನೆಯ ದಿನ ಅವಳನ್ನೂ ಬಸ್ಸಿಗೆ ಹತ್ತಿಸಿಕೊಂಡು ಕುಂದಾಪುರಕ್ಕೆ ಹೋದೆ. ಡಾಕ್ಟರು ಮೊದಲು ನನ್ನ ತೋಳಿಗೆ ಪಟ್ಟಿ ಸುತ್ತಿದರು. ನೋಡಿದರು. ಇನ್ನೊಮ್ಮೆ ನೋಡಿದರು. "ಅಮ್ಮಾ, ಚೆನ್ನಾಗಿ ಇಳಿದಿದೆ. ಏನು ಮಾಡಿದ್ರಿ?"

ಏನು ಹೇಳುವುದು? ಆಮೇಲೆ ಮನೆಗೆ ಬಂದು ಸುದ್ದಿ ಹೇಳಿದರೆ ಸುಜಾತ ತನ್ನ ಸಪ್ಪೆ ಸಾರು ಎಂದಳು. ಬೇಲಿಯಾಚೆಯವಳು ಬೆಳ್ಳುಳ್ಳಿ ಎಂದಳು. ಟೀಚರಿಗೆ ಯಾರೋ ಹೇಳಿದರಂತೆ, ಅವರು ಉಸಿರಾಟ ಎಂದರಂತೆ. ಮಾತ್ರೆಗೆ ಬಾಯಿಲ್ಲ, ಅದು ಸುಮ್ಮನಿದೆ. ಸೂರು ನೋಡುತ್ತ ಒಬ್ಬಳೇ ಕಟ್ಟಿಕೊಂಡ ಜಗಳ ಮುಗಿದದ್ದರಿಂದಲೂ ಇರಬಹುದು. ಯಾವುದೆಂದು ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಅಲ್ಲಿ ಡಾಕ್ಟರ ಎದುರು ಮಾತ್ರ, "ನೀವ್ ಹೇಳ್ದ್ ಹಾಂಗ್ ಮಾಡ್ದೆ" ಎಂದೆ. ಖುಷಿಯಾದರು. ನಾಳೆಯಿಂದ ಮಾರ್ಕೆಟ್ಟಿಗೆ ಹೋಗಬಹುದು, ಮಾತ್ರೆ ಬಿಡಬೇಡಿ ಎಂದರು.

ಆಮೇಲೆ ಗಿರಿಜೆಯ ತೋಳು. ಉಂಡೆ ಒತ್ತಿದರು, ಒತ್ತಿದರು. ಅವಳ ಪಾದರಸ ನನ್ನದಕ್ಕಿಂತ ಮೇಲೆ ಹತ್ತಿ ಕೂತಿತು. ಡಾಕ್ಟರು ಪೆನ್ನು ತೆಗೆಯುವಾಗಲೇ ನನಗೆ ಗೊತ್ತಾಯಿತು ಮುಂದಿನ ಮಾತು.

"ಇವರು ಸ್ವಲ್ಪ ದಿನ ಮಾರ್ಕೆಟ್‌ಗೆ ಹೋಗಬಾರದು. ಟೆನ್ಶನ್ ಮಾಡ್ಕೊಳ್ಳದೆ ಆರಾಮಾಗಿರಬೇಕು."

ಗಿರಿಜೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಪರಿಚಯದ್ದು. ವಾಪಸು ಕೋಟೇಶ್ವರದ ಬಸ್ಸು ಹತ್ತಿದೆವು. ಮಾರ್ಕೆಟ್ಟಿನ ಶೀಟು ಕಂಡ ಕೂಡಲೇ ಕಿಟಕಿಯಾಚೆ ಕತ್ತು ಚಾಚಿ ಚರಂಡಿಯ ಬದಿಯನ್ನು ಹುಡುಕಿದಳು. ಬಿಸಿಲು ಬೀಳುವ ಜಾಗ, ನಾಯಿಯೂ ಮಲಗದ ಜಾಗ. ಆದರೂ ಅವಳದು.

ನಾನು ಕಂಬದ ಬುಡಕ್ಕೆ ಮರಳಿದೆ. ಗಿರಾಕಿಗಳು ಬಂದರು, ಎಷ್ಟು ದಿನ ಆಯ್ತು ನಿಮ್ಮನ್ನು ಕಾಣದೆ ಎಂದರು, ಅವರಿಗೆ ಬೇಕಾದಷ್ಟು ಬೈದೆ. ಮಧ್ಯಾಹ್ನದೊಳಗೆ ಉಪ್ಪುಂದ ಬದಿಯವಳೊಬ್ಬಳು ಬುಟ್ಟಿ ಇಳಿಸಲು ಚರಂಡಿಯ ಬದಿಗೆ ಬಂದಳು. ಎದ್ದು ಹೋಗಿ ಅವಳೊಡನೆ ಜಗಳ ಮಾಡಿದೆ. ಬಾಯಿ ಒಣಗುವಷ್ಟು ಜಗಳ. ಉಪ್ಪಿನ ಲೆಕ್ಕ, ಉಸಿರಿನ ಲೆಕ್ಕ ಒಂದೂ ನೆನಪಾಗಲಿಲ್ಲ. ತಿರುಗಿ ಬಂದು ಕೂತಾಗ ಮೈ ಹಗುರಾಗಿತ್ತು. ಡಾಕ್ಟರಿಗೆ ಹೇಳಿದರೆ ನಂಬುವವರಲ್ಲ, ಹಾಗಾಗಿ ಹೇಳಿಲ್ಲ.

ಸಂಜೆ ಮನೆಗೆ ಬರುವಾಗ ಗಿರಿಜೆ ಬೇಲಿಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಬೂದುಕುಂಬಳದ ನೀರಿನ ಲೋಟ. ಅವಳ ಮನೆಗೂ ನೈಸರ್ಗಿಕ ಬಂದಿತ್ತು.

"ಅಕ್ಕಾ, ನನ್ ಜಾಗ್ದಲ್ ಯಾರ್ ಕೂಕಂಡಿರ್?"

"ನನ್ ಹಳೆ ಬುಟ್ಟಿ ಒಂದನ್ನ ಕವುಚಿ ಹಾಕಿ ಬಂದೆ. ಅದ್ಕೆ ಬಿಪಿ ಇಲ್ಲೆ. ನೀ ಹೋಯ್ ಮನಿಕೊ."