ಹುಕ್ಕು ಒಂದು ಬಾಕಿ

ಟೀವಿಯಲ್ಲಿ ನನ್ನನ್ನು ಪರಿಚಯಿಸುವಾಗ 'ಹಳ್ಳಿಯಿಂದ ಬಂದ ಮುಗ್ಧ ಗೃಹಿಣಿ' ಎಂದರು. ಗೃಹಿಣಿ ಹೌದು. ತವರು ತೊಗರ್ಸಿ, ಅದೂ ಹಳ್ಳಿಯೇ. ಆದರೆ ಮುಗ್ಧೆ ಎಂಬ ಮಾತು ಕೇಳಿ ನನ್ನ ಗಂಡ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ನಕ್ಕರಂತೆ. ಶಿಕಾರಿಪುರದಲ್ಲಿ ಒಂಬತ್ತು ವರ್ಷ ಲೇಡೀಸ್ ಟೇಲರ್ ಅಂಗಡಿಯಲ್ಲಿ ಕೂತು ಹೆಂಗಸರ ಜೊತೆ ವಾದ ಮಾಡಿದವಳು ಮುಗ್ಧೆಯಾಗಿ ಉಳಿಯುವುದು ಸಾಧ್ಯವಿಲ್ಲ.

ಆ ಅಂಗಡಿಯಲ್ಲಿ ನನ್ನ ಕೆಲಸ ಬ್ಲೌಸುಗಳಿಗೆ ಹುಕ್ಕು ಹಾಕುವುದು. ಅಳತೆ, ಕತ್ತರಿ, ಮಷಿನ್ ಎಲ್ಲವೂ ಮಾಸ್ಟರದು. ಊರಿನವರೆಲ್ಲ ಅವರನ್ನು ಮಾಸ್ಟ್ರು ಎಂದೇ ಕರೆಯುತ್ತಾರೆ, ನಾನೂ ಹಾಗೇ. ಅವರ ಅಪ್ಪ, ಅಜ್ಜ ಇದೇ ಪೇಟೆಯಲ್ಲಿ ಹೊಲಿಗೆ ಮಾಡಿದವರು. ಈಗ ಮಾಸ್ಟರಿಗೆ ಎಪ್ಪತ್ತು ದಾಟಿದೆ. ದಿನಾ ಬೆಳಿಗ್ಗೆ ನುಣ್ಣಗೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಪ್ಯಾಂಟು, ಅರ್ಧ ತೋಳಿನ ಅಂಗಿ ಹಾಕಿಕೊಂಡು, ನಮಾಜ್ ಮುಗಿಸಿ ಅಂಗಡಿ ತೆಗೆಯುತ್ತಾರೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಕನ್ನಡ ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ತನಕ ಗಟ್ಟಿಯಾಗಿ ಓದುತ್ತಾರೆ. ನಾನು 'ಳ'ಕಾರ ತೇಲಿಸಿದರೆ ಸೂಜಿ ನಿಲ್ಲಿಸಿ ತಿದ್ದುತ್ತಿದ್ದರು.

ನಮ್ಮಲ್ಲಿ ಮದುವೆ ಬ್ಲೌಸು ಹೊಲಿಯಲು ಕೊಡುವುದಕ್ಕೆ ಒಂದು ಕ್ರಮವಿದೆ. ಮದುವೆ ಇಪ್ಪತ್ತನೇ ತಾರೀಖಿಗಿದ್ದರೆ ಹೆಂಗಸರು ಹತ್ತಕ್ಕೆ ಎನ್ನುತ್ತಾರೆ. ಟೇಲರು ಹತ್ತು ದಿನ ತಡ ಮಾಡುತ್ತಾರೆಂದು ಅವರಿಗೆ ಗೊತ್ತು. ಇವರು ಹತ್ತು ದಿನ ಮುಂಚೆ ಹೇಳುತ್ತಾರೆಂದು ಮಾಸ್ಟರಿಗೂ ಗೊತ್ತು. "ಒಂಬತ್ತಕ್ಕೆ ಬರ್ರಿ" ಎಂದು ಹೇಳಿ ಹತ್ತೊಂಬತ್ತಕ್ಕೆ ಸರಿಯಾಗಿ ಹೊಲಿದಿಡುತ್ತಾರೆ. ಒಂಬತ್ತರಂದು ಹೆಂಗಸರು ಬಂದು ಜಗಳ ತೆಗೆಯಬೇಕು. ಆಗ ಮಾಸ್ಟರು ತಲೆ ಎತ್ತದೆ ಹೇಳುತ್ತಾರೆ: "ಆಗೈತವ್ವ. ಹುಕ್ಕು ಒಂದು ಬಾಕಿ."

ಬಟ್ಟೆಗೆ ಆಗಿನ್ನೂ ಕತ್ತರಿಯೇ ಬಿದ್ದಿರುವುದಿಲ್ಲ. ಕೊಟ್ಟ ಕವರಿನಲ್ಲೇ, ಕೊಟ್ಟ ಮಡಿಕೆಯಲ್ಲೇ ಕಪಾಟಿನೊಳಗೆ ಇರುತ್ತದೆ. ಆದರೆ ಹುಕ್ಕು ಒಂದು ಬಾಕಿ ಎಂದರೆ ತಪ್ಪು ಯಾರದು? ಹುಕ್ಕು ಹಾಕುವವಳದು! ಇಡೀ ಶಿಕಾರಿಪುರದ ಹೆಂಗಸರು ಒಂಬತ್ತು ವರ್ಷ ನನ್ನನ್ನು ಗುರಾಯಿಸಿದರು. ನಾನು ಸುಮ್ಮನಿರುವ ಜಾತಿಯಲ್ಲ. ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಟ್ಟೆ. ಬೈಯಲು ಬಂದವರು ನಗುತ್ತಾ ಬೆಂಚಿನ ಮೇಲೆ ಕೂರತೊಡಗಿದರು. ನನ್ನ ಹಾಸ್ಯ ಶುರುವಾದದ್ದು ಆ ಬೆಂಚಿನ ಮುಂದೆ.

ಮೊದಲ ವೇದಿಕೆ ಆನವಟ್ಟಿಯಲ್ಲಿ, ಮಹಿಳಾ ಸಂಘದ ವಾರ್ಷಿಕೋತ್ಸವ. ನಮ್ಮ ಕಡೆ ಹಾಸ್ಯ ಸಂಜೆ ಎಂದರೆ ಶಾಲು ಹೊದ್ದ ಗಂಡಸರು ಸಾಲಾಗಿ ಕೂತು ತಮ್ಮ ಹೆಂಡಂದಿರನ್ನು ಆಡಿಕೊಳ್ಳುವುದು. ಹೆಂಗಸೊಬ್ಬಳು ಮೈಕು ಹಿಡಿದು ಒಬ್ಬಳೇ ನಿಂತು ನಗಿಸುವುದನ್ನು ಶಿಕಾರಿಪುರದಲ್ಲಾಗಲಿ ಸೊರಬದ ಕಡೆಯಾಗಲಿ ನಾನಂತೂ ನೋಡಿರಲಿಲ್ಲ. ಸಂಘದ ಅಧ್ಯಕ್ಷೆ ಕೇಳಿದರು, "ಹಾಡ್ತೀರೇನ್ರೀ, ಭಾಷಣನಾ?"

"ನಗಿಸ್ತೀನಿ."

"ಒಬ್ರೇನಾ?" ಎಂದು ನನ್ನ ಹಿಂದೆ ಇಣುಕಿ ನೋಡಿದರು.

ಹೋಗುವ ಮುಂಚೆ ಒಂದು ಕೆಲಸ ಮಾಡಿದ್ದೆ. ಹೇಳಬೇಕೆಂದಿದ್ದ ಅಷ್ಟನ್ನೂ ಮೊದಲು ಮಾಸ್ಟರ ಮುಂದೆ ಹೇಳಿದೆ. ಬದುಕಿರುವ ಮನುಷ್ಯರ ಮೇಲೆ ನಗೆ ಹುಟ್ಟಿಸುವುದಾದರೆ ಮೊದಲು ಅವರ ಎದುರು ಹೇಳಬೇಕು, ಅವರು ನಕ್ಕರೆ ಮಾತ್ರ ವೇದಿಕೆಗೆ. ಇದು ನಾನೇ ನನಗೆ ಹಾಕಿಕೊಂಡ ಕಟ್ಟು. ಮಾಸ್ಟರು ನಕ್ಕರು. ಎರಡು ಕಡೆ ತಿದ್ದಿದರು. ಆಮೇಲೆ ಹೇಳಿದರು: "ನನ್ನ ಬಗ್ಗೆ ಏನ್ ಬೇಕಾರ ಹೇಳವ್ವ. ನನ್ನ ಬಾಯಾಗೆ ಮಾತ್ರ ನನ್ನ ಮಾತೇ ಇರ್ಲಿ."

ಅಂದು ಹೇಳಿದ್ದು ಟೀಚರಮ್ಮನ ಕತೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಟೀಚರೊಬ್ಬರು ತಮ್ಮ ಮದುವೆ ಬ್ಲೌಸು ಕೊಡುವಾಗ ನಿಜವಾದ ತಾರೀಖನ್ನೇ ಹೇಳಿಬಿಟ್ಟರು. ನಮ್ಮೂರ ಕ್ರಮ ಅವರಿಗೇನು ಗೊತ್ತು? ಮದುವೆಯ ಬೆಳಿಗ್ಗೆ ಬಟ್ಟೆ ಇನ್ನೂ ಕಪಾಟಿನಲ್ಲಿತ್ತು. ಮಾಸ್ಟರು ಅಲ್ಲೇ ಕತ್ತರಿಸಿ, ಹೊಲಿದು, ಸೂಜಿ ದಾರದ ಸಮೇತ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಕಲ್ಯಾಣ ಮಂಟಪಕ್ಕೆ ಓಡಿಸಿದರು. ನಾನು ಮದುಮಗಳ ಬೆನ್ನಿಗೇ ನಿಂತು ಹುಕ್ಕು ಹಾಕಿದೆ. ಮಾಸ್ಟರು ಕೋಣೆಯ ಬಾಗಿಲಾಚೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು: "ಟೀಚರ್ರೇ, ನಿಜ ಹೇಳ್ತೀನಿ ಅಂತ ಮೊದ್ಲೇ ಒಂದು ಮಾತು ಹೇಳಬಾರದಿತ್ತೇನ್ರಿ?"

ಆನವಟ್ಟಿಯ ಹೆಂಗಸರು ಕುರ್ಚಿ ತಟ್ಟಿ ನಕ್ಕರು. ಅವರಲ್ಲಿ ಪ್ರತಿಯೊಬ್ಬರೂ ಯಾವುದೋ ಟೇಲರಿಗೆ ಸುಳ್ಳು ತಾರೀಖು ಹೇಳಿದವರೇ. ಅಲ್ಲಿಂದ ಕಾಲೇಜು, ಗಣಪತಿ ಪೆಂಡಾಲು, ನಿವೃತ್ತಿ ಸಮಾರಂಭ ಎಂದು ಕರೆ ಬರತೊಡಗಿತು. ಹುಕ್ಕಿನ ಕೆಲಸ ಬಿಟ್ಟು ನಾನೂ ಮಾಸ್ಟರ ಗಿರಾಕಿಯಾದೆ. 'ಗಂಡಸರ ಮುಂದೆ ಹಲ್ಲು ಕಿಸಿಯೋದು ಒಂದು ಕಸುಬಾ' ಎಂದವರೂ ಇದ್ದರು. ಅವರ ಮನೆಯ ಬ್ಲೌಸಿಗೂ ಹುಕ್ಕು ಹಾಕಿದವಳು ನಾನು. ಅವರ ಮನೆ ಸುದ್ದಿ ನನಗೆ ಗೊತ್ತಿದ್ದಷ್ಟು ಅವರಿಗೇ ಗೊತ್ತಿರಲಿಲ್ಲ. ಹಾಗಾಗಿ ಎದುರಿಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದ ತುಣುಕು ಓಡಾಡಿ ಟೀವಿಯವರಿಗೆ ಮುಟ್ಟಿತು. ಹಾಸ್ಯ ಸ್ಪರ್ಧೆಗೆಂದು ಬೆಂಗಳೂರಿಗೆ ಕರೆದರು. ಬಸ್ಸಿನಲ್ಲಿ ಶಿವಮೊಗ್ಗ, ಅಲ್ಲಿಂದ ರೈಲು. ಸ್ಟುಡಿಯೋದಲ್ಲಿ ಎಲ್ಲರೂ ಮೇಡಂ ಮೇಡಂ ಎಂದು ಒಳ್ಳೆಯ ಮರ್ಯಾದೆ ಕೊಟ್ಟರು. ಸ್ಕ್ರಿಪ್ಟ್ ನೋಡಿಕೊಳ್ಳುವವರು ಮೂವತ್ತರ ಆಸುಪಾಸಿನ ಯುವಕ, ಮೆತ್ತಗಿನ ಮಾತು. ನನ್ನದನ್ನು ಪೂರ್ತಿ ಕೇಳಿ ನಕ್ಕರು. ಆಮೇಲೆ ಹೇಳಿದರು, "ಸೂಪರ್ ಮೇಡಂ. ಆದ್ರೆ ನಿಮಗಿರೋದು ಮೂರೇ ನಿಮಿಷ. ಟೀಚರ್ ಕತೆ ಉದ್ದ ಆಯ್ತು, ಹುಕ್ಕು ಸಾಕು. ಇನ್ನೊಂದು, ಟೇಲರ್ ಮುಸ್ಲಿಂ ಅಂತೀರ, ಇಷ್ಟು ಚೆನ್ನಾಗಿ ಕನ್ನಡ ಮಾತಾಡಿದ್ರೆ ಜನಕ್ಕೆ ಗೊತ್ತಾಗೋದು ಹೇಗೆ?"

ಗೊತ್ತಾಗಲೇಬೇಕಾ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಊರಲ್ಲಿ ಎಂಥವರಿಗೂ ಉತ್ತರ ಕೊಡುವವಳು ಅಲ್ಲಿನ ದೀಪಗಳ ಕೆಳಗೆ 'ಆಯ್ತು' ಎಂದುಬಿಟ್ಟೆ. ಗಡ್ಡ ಅಂಟಿಸಿದರು, ಚೌಕಳಿ ಲುಂಗಿ ಸುತ್ತಿದರು. 'ನಿಂದು ಬ್ಲೌಸ್ ನಾನ್ಗೆ ಹೊಲ್ದಿ ಕೊಡ್ತಾನೆ' ಎಂದು ಹೇಳಿಸಿದರು. ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನು ಮುಂದಿನ ಸುತ್ತಿಗೆ ಆಯ್ಕೆಯಾದೆ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿಗೆ ನನಗೆ ಬಹಳ ಖುಷಿಯಾಗಿತ್ತು.

ಅದು ಪ್ರಸಾರವಾದ ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಜನ ನಿಲ್ಲಿಸಿ ನಿಲ್ಲಿಸಿ ಸೆಲ್ಫಿ ತೆಗೆದರು. ತರಕಾರಿಯವಳು ಕೊತ್ತಂಬರಿ ಹೆಚ್ಚಿಗೆ ಕೊಟ್ಟಳು. ಅಂಗಡಿಗೆ ಹೋದೆ. ಮಾಸ್ಟರು ಮಷಿನ್ ತುಳಿಯುತ್ತಿದ್ದರು.

"ನೋಡಿದ್ರಾ ಮಾಸ್ಟ್ರೇ?"

"ನೋಡಿದ್ನಿ. ಓಣಿಯವರನ್ನೆಲ್ಲ ಕರೆದು ಕುಂದ್ರಿಸಿಕೊಂಡು ನೋಡಿದ್ನಿ." ಮಷಿನ್ ನಿಲ್ಲಿಸಿ ಕೇಳಿದರು, "ಆ ಟೇಲರು ಯಾವೂರಾವ್ರು?"

ಟೀವಿಯವರು ಹಾಗಂದರು, ಹೀಗಂದರು ಎಂದೆ. ಅವರು ಹೂಂ ಎಂದು ದಾರ ಕಚ್ಚಿದರು. ಮುಂದಿನ ರೆಕಾರ್ಡಿಂಗಿಗೆ ಹಸಿರು ಬ್ಲೌಸಿನ ಬಟ್ಟೆ ತಂದಿದ್ದೆ. ರೆಕಾರ್ಡಿಂಗ್ ಇದ್ದದ್ದು ಇಪ್ಪತ್ತೈದಕ್ಕೆ, ಅಭ್ಯಾಸದಂತೆ ಹದಿನೈದಕ್ಕೆ ಬೇಕು ಎಂದೆ. ಅವರು ಚೀಟಿಯಲ್ಲಿ ಹದಿನೈದು ಎಂದು ಬರೆದುಕೊಂಡರು.

ಹದಿನಾಲ್ಕನೇ ತಾರೀಖು, ಕ್ರಮದ ಪ್ರಕಾರ ಜಗಳ ಮಾಡಲು ಹೋದೆ. ಮನಸ್ಸಿನಲ್ಲಿ ಎರಡು ಒಳ್ಳೆಯ ಬೈಗುಳ ಸಿದ್ಧವಾಗಿದ್ದವು. ಜಗಳವಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಮಾಸ್ಟರು ಎದ್ದು, ಇಸ್ತ್ರಿ ಮಾಡಿ ಮಡಿಸಿದ ಬ್ಲೌಸನ್ನು ಕೈಗಿಟ್ಟರು. ಎಲ್ಲ ಹುಕ್ಕೂ ಹಾಕಿತ್ತು.

"ನೋಡಿಕೊಳ್ರಿ ಮೇಡಂ. ಎಲ್ಲ ಸರಿ ಐತೇನ್ರಿ?"

ಇಷ್ಟು ವರ್ಷದ ಪರಿಚಯದಲ್ಲಿ ಅವರು ನನಗೆ ಮೇಡಂ ಎಂದದ್ದು ಅದೇ ಮೊದಲು. ಟೀಚರಮ್ಮನ ಮದುವೆಯಾದ ಮೇಲೆ, ಊರಿಗೆ ಹೊಸಬರಾದ ಅಧಿಕಾರಿಗಳ ಹೆಂಡಂದಿರಿಗೆ ಅವರು ಹೀಗೆ ಹೇಳಿದ ದಿನಕ್ಕೆ ಹೊಲಿದು ಕೊಡುತ್ತಾರೆ. ನಮ್ಮವರಿಗೆ ಕೊಡುವುದಿಲ್ಲ. ಬ್ಲೌಸು ಹಿಡಿದು ಹೊರಗೆ ಬಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಯಿತು, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಟೀವಿಯವರ ಮೇಲಲ್ಲ. ಗಡ್ಡ ಅಂಟಿಸಿದ್ದು ಅವರಿರಬಹುದು, ಬಾಯಿ ಆಡಿಸಿದವಳು ನಾನು.

ಮನೆಗೆ ಹೋಗಿ ಟೀಚರಮ್ಮನ ಕತೆಯನ್ನು ಮೂರು ನಿಮಿಷಕ್ಕೆ ಇಳಿಸಿದೆ. ಮಾಸ್ಟರ ಒಂದು ಮಾತೂ ಬದಲಿಸಲಿಲ್ಲ. ನನ್ನ ಕಟ್ಟಿನ ಪ್ರಕಾರ ಅದನ್ನು ಮೊದಲು ಅವರಿಗೇ ಹೇಳಬೇಕು. ಹೋಗಿ ಬೆಂಚಿನ ಮೇಲೆ ಕೂತು ಹೇಳಲು ಶುರು ಮಾಡಿದೆ. ಅವರು ಕೈ ಎತ್ತಿದರು.

"ಇಲ್ಲಿ ಹೇಳಿದ್ರೆ ಏನ್ ಬಂತ್ರಿ? ಇಲ್ಲಿ ಎಲ್ರಿಗೂ ನಾನು ಗೊತ್ತು. ಅಲ್ಲಿ ಹೇಳ್ರಿ."

ಸರಿ, ಅಲ್ಲೇ ಹೇಳುತ್ತೇನೆ ಎಂದು ನಿರ್ಧರಿಸಿದೆ. ಗಂಡ ಕೇಳಿದರು, "ಅವ್ರು ಒಪ್ಪದೇ ಇದ್ರೆ?" ಒಪ್ಪದಿದ್ದರೆ ವಾಪಸ್ ಬರುವ ರೈಲು ಇದ್ದೇ ಇದೆಯಲ್ಲ ಎಂದೆ.

ಇಪ್ಪತ್ತೈದಕ್ಕೆ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ಗಡ್ಡ, ಲುಂಗಿ ಸಿದ್ಧವಾಗಿದ್ದವು. ನಾನು ಹಸಿರು ಬ್ಲೌಸಿಗೆ ಹೊಂದುವ ಸೀರೆ ಉಟ್ಟು ಕೂತಿದ್ದೆ.

"ಮೇಡಂ, ಜನ ಟೇಲರ್‌ಗೋಸ್ಕರ ಕಾಯ್ತಿದಾರೆ," ಎಂದರು ಸ್ಕ್ರಿಪ್ಟಿನ ಯುವಕ.

"ಕರ್ಕೊಂಡು ಬಂದಿದೀನಿ. ಆದ್ರೆ ಅವ್ರಿಗೆ ಗಡ್ಡ ಇಲ್ಲ. ಅವ್ರ ಕನ್ನಡ ನಿಮ್ಮದಕ್ಕಿಂತ, ನನ್ನದಕ್ಕಿಂತ ಚೆನ್ನಾಗಿದೆ. ಹಾಗೇ ಮಾತಾಡ್ತಾರೆ."

"ರಿಸ್ಕ್ ಮೇಡಂ. ಈ ವಾರ ಹೊರಗೆ ಹೋಗ್ತೀರ."

"ಬಾಗಿಲು ಯಾವ ಕಡೆ ಅಂತ ಬರುವಾಗಲೇ ನೋಡಿಟ್ಕೊಂಡಿದೀನಿ."

ಅವರಿಗೆ ನಗು ಬಂತು, ಆದರೂ ತಲೆ ಆಡಿಸಿ ಹೋದರು. ವೇದಿಕೆ ಹತ್ತಿದೆ. "ಹೋದ ಸಲ ನಿಮಗೆ ಒಬ್ಬ ಟೇಲರನ್ನು ತೋರಿಸಿದೆ. ಅವನು ಯಾರೋ ನನಗೆ ಗೊತ್ತಿಲ್ಲ. ನಮ್ಮ ಮಾಸ್ಟರು ಇವರು," ಎಂದು ಶುರು ಮಾಡಿದೆ. ಒಂದು ನಿಮಿಷ ಯಾರೂ ನಗಲಿಲ್ಲ. ಅಷ್ಟು ದೊಡ್ಡ ಹಾಲಿನಲ್ಲಿ ನನ್ನ ಬಳೆಯ ಸದ್ದು ನನಗೇ ಕೇಳಿಸಿತು. ನಿಲ್ಲಿಸಲಿಲ್ಲ. ಸುಳ್ಳು ತಾರೀಖಿನ ವಿಷಯ ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಪಕ್ಕದವಳನ್ನು ತಿವಿದಳು. ಟೀಚರಮ್ಮ ನಿಜ ಹೇಳುವ ಹೊತ್ತಿಗೆ ಹೆಂಗಸರೆಲ್ಲ ಮುಂದಕ್ಕೆ ಬಗ್ಗಿದ್ದರು. ಕೊನೆಯ ಮಾತನ್ನು ಮಾಸ್ಟರು ಆಡಿದ ಹಾಗೆಯೇ ಆಡಿದೆ. ನಗು ತಡವಾಗಿ ಬಂತು. ಬಂದದ್ದು ಬಹಳ ಹೊತ್ತು ಇತ್ತು.

"ಇನ್ನೊಂದು ಸಲ ಮೇಡಂ, ಸ್ವಲ್ಪ ಆ ಸ್ಟೈಲ್ ಸೇರಿಸಿ," ಎಂದು ಕೆಳಗಿನಿಂದ ಹೇಳಿದರು. ಒಟ್ಟು ಮೂರು ಸಲ ಮಾಡಿಸಿದರು. ಮೂರು ಸಲವೂ ನನ್ನ ಬಾಯಲ್ಲಿ ಮಾಸ್ಟರು ಶಿಕಾರಿಪುರದವರಾಗಿಯೇ ಮಾತಾಡಿದರು.

ಆ ವಾರ ನನ್ನನ್ನು ಹೊರಗೆ ಕಳಿಸಿದರು. ಪ್ರಸಾರ ಮಾಡುವಾಗ ಮೂರು ನಿಮಿಷವನ್ನು ಎರಡಕ್ಕೆ ಇಳಿಸಿ, ನಗಬಾರದ ಕಡೆ ನಗುವಿನ ಸದ್ದು ತುಂಬಿದ್ದರು. ಆದರೆ ಕೊನೆಯ ಮಾತು ಇತ್ತು, ಹೇಳಿದ ಹಾಗೇ ಇತ್ತು. ಈ ಸಲ ಯಾರೂ ಸೆಲ್ಫಿ ಕೇಳಲಿಲ್ಲ. ಕೊತ್ತಂಬರಿಯೂ ಮೊದಲಿನಷ್ಟಕ್ಕೇ ಬಂತು.

ಮಾಸ್ಟರು ನೋಡಿದರೋ ಇಲ್ಲವೋ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಆನವಟ್ಟಿಯವರು ಮತ್ತೆ ಕರೆದಿದ್ದರು. ನೀಲಿ ಬಟ್ಟೆ ತೆಗೆದುಕೊಂಡು ಹೋಗಿ, ಎರಡು ವಾರದಾಚೆಯ ಕಾರ್ಯಕ್ರಮಕ್ಕೆ "ಈ ಶುಕ್ರವಾರ ಬೇಕು ಮಾಸ್ಟ್ರೇ" ಎಂದು ಕವರನ್ನು ಕಟ್ಟೆಯ ಮೇಲಿಟ್ಟೆ. ಅವರು ಚೀಟಿಯಲ್ಲಿ ಶುಕ್ರವಾರ ಎಂದು ಬರೆದುಕೊಂಡರು.

ಗುರುವಾರ ಮಧ್ಯಾಹ್ನ ಹೋದೆ. ಮೆಟ್ಟಿಲಲ್ಲಿ ನಿಂತು, ಇಸ್ತ್ರಿ ಮಾಡಿದ ಬ್ಲೌಸು ಕೈಗೆ ಬಂದುಬಿಟ್ಟರೆ ಏನು ಮಾಡಲಿ ಎಂದು ಯೋಚಿಸಿದೆ. ಮುಖದಲ್ಲಿ ಇಷ್ಟು ಸಿಟ್ಟು ತಂದುಕೊಂಡು ಒಳಗೆ ಹೋದೆ.

"ಮಾಸ್ಟ್ರೇ, ನನ್ನ ಬ್ಲೌಸು?"

ಅವರು ಮಷಿನ್ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಆಗೈತವ್ವ. ಹುಕ್ಕು ಒಂದು ಬಾಕಿ."

ಅವರ ಬೆನ್ನ ಹಿಂದೆ ಕಪಾಟಿನಲ್ಲಿ ನನ್ನ ನೀಲಿ ಬಟ್ಟೆ ಕಾಣುತ್ತಿತ್ತು. ನಾನು ಕೊಟ್ಟ ಕವರಿನಲ್ಲೇ, ಕೊಟ್ಟ ಮಡಿಕೆಯಲ್ಲೇ ಇತ್ತು. ನಾನು ಬೆಂಚಿನ ಮೇಲೆ ಕೂತು, ಕಣ್ಣು ಒರೆಸಿಕೊಂಡು, ಬಾಯಿಗೆ ಬಂದಂತೆ ಅವರನ್ನು ಬೈದೆ.